ಮೆಲುದನಿಯ ಲ್ಯಾಟಿನ್ ಹಾಡು: ಊಟದ ಹೊತ್ತಿಗೆ ಯಾವ ರೆಕಾರ್ಡ್ ಹಾಕಲಿ?

ಬೆಂಗಳೂರಿನಿಂದ, ಪ್ರಶ್ನೆ: ಮುಂದಿನ ವಾರ ನಮ್ಮ ಮದುವೆಯಾಗಿ 20 ವರ್ಷ. ಹೊರಗೆಲ್ಲೂ ಬೇಡ, ಮನೇಲೇ ಊಟ, ಹಿಂದೆ ಮೆಲ್ಲಗೆ ಹಾಡು ಅಂತ ಇಬ್ಬರೂ ಒಪ್ಪಿದ್ದೀವಿ. ಯಾವುದೋ ಹೋಟೆಲಲ್ಲಿ 'ಬೇಸಮೆ ಮೂಚೊ' ಕೇಳಿದಾಗಿನಿಂದ ನಮ್ಮನೆಯವರಿಗೆ ಅಂಥದ್ದೇ ಬೇಕು. ಅದು ಬೋಸಾ ನೋವಾನಾ, ಲ್ಯಾಟಿನ್ ಜಾಝಾ ಗೊತ್ತಿಲ್ಲ. ಬರೀ ವಾದ್ಯ ಬೇಡ, ಹಾಡಿರಬೇಕು. ಕೇಳಿ ಪಳಗಿದವರು ಹೇಳಿ.

ಮೈಸೂರಿನಿಂದ: ಅದು ಮೂಲದಲ್ಲಿ ಬೊಲೆರೊ, ಅಂದರೆ ನಿಧಾನ ಲಯದ ಲ್ಯಾಟಿನ್ ಪ್ರೇಮಗೀತೆ. ಬರೆದಾಕೆ ಮೆಕ್ಸಿಕೋದ ಕೊನ್ಸುಯೆಲೊ ವೆಲಾಸ್ಕೆಸ್, ಭಾಷೆ ಸ್ಪ್ಯಾನಿಷ್. ಬೋಸಾ ನೋವಾ ಅನ್ನೋ ಮೆಲುದನಿಯ ಶೈಲಿ ಬ್ರೆಜಿಲ್‌ನದು, ಪೋರ್ಚುಗೀಸ್‌ನದು. ಎರಡೂ ಒಟ್ಟಿಗೆ ಬೇಕಿದ್ದರೆ ಅಲ್ಲಿನ ಗಾಯಕ, ಗಿಟಾರ್ ವಾದಕ ಜೊವಾವ್ ಜಿಲ್ಬೆರ್ಟೊ ಅವರ 1977ರ 'ಅಮೊರೊಜೊ' ಹಾಕಿ. ನಿಮ್ಮ ಹಾಡೂ ಅದರಲ್ಲಿದೆ. ಪಿ.ಬಿ. ಶ್ರೀನಿವಾಸ್ ದನಿ ಹಿಡಿಸಿದವರಿಗೆ ಈ ದನಿಯೂ ಹಿಡಿಸುತ್ತೆ ಅನ್ನೋದು ನನ್ನ ಅನುಭವ. ಒಮ್ಮೆ ಹೆಡ್‌ಫೋನ್ ಹಾಕಿ ಗಿಟಾರ್ ಕಡೆ ಕಿವಿ ಕೊಡಿ. ಹೆಬ್ಬೆರಳು ಬಿಡದೆ ತಾಳ ಹಾಕ್ತಾ ಇರುತ್ತೆ, ಉಳಿದ ಬೆರಳು ತಾಳದ ಸಂದಿಯಲ್ಲಿ ಓಡಾಡ್ತವೆ. ದನಿ ಒಮ್ಮೆ ಮುಂದೆ, ಒಮ್ಮೆ ಹಿಂದೆ. ತಪ್ಪಿತು ಅಂದ್ಕೊಳ್ಳೋಷ್ಟರಲ್ಲಿ ಬಂದು ಸೇರಿಬಿಡುತ್ತೆ.

ಧಾರವಾಡದಿಂದ: ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ. ಬೋಸಾ ನೋವಾ ಪ್ರೇಮಗೀತೆ ಅಂತ ಬರದಿದ್ದು ನೋಡಿ ಒಂದು ಸಿಡಿ ಸೆಟ್ ತರಿಸಿದ್ದೆ. ಎಲ್ಲಾ ಕೀಬೋರ್ಡ್ ಮ್ಯಾಲೆ ಬಾರಿಸಿದ್ದು, ಲಿಫ್ಟಿನಾಗ ನಿಂತಂಗ ಆತು. ಕವರ್ ಮ್ಯಾಲೆ ಹಾಡಿದವ್ರ ಹೆಸರು ಇಲ್ಲಂದ್ರ ಮುಟ್ಟಬ್ಯಾಡ್ರಿ. ನಮ್ಮನ್ಯಾಗ ಇವತ್ತಿಗೂ ಕೇಳೋದು 1974ರ 'ಎಲಿಸ್ ಇ ಟೊಂ'. ಬ್ರೆಜಿಲಿನ ಹಾಡುಗಾರ್ತಿ ಎಲಿಸ್ ರೆಜಿನಾ, ಹಾಡು ಕಟ್ಟೋ ಟೊಂ ಜೊಬಿಂ ಇಬ್ಬರೂ ಲಾಸ್ ಏಂಜಲಿಸ್‌ನಾಗ ರೆಕಾರ್ಡ್ ಮಾಡಿದ್ದು. ಮೊದಲನೇ ಹಾಡು ಮಾರ್ಚ್ ತಿಂಗಳ ಮಳಿದು. ಕಡ್ಡಿ, ಕಲ್ಲು, ಹಾದಿ ಕೊನಿ, ಹಿಂಗ ಒಂದೊಂದ ಎಣಿಸ್ಕೋತ ಹೋಗ್ತಾರ, ಕಡೀಕ ನಗಾಕ ಹತ್ತತಾರ. ನಮಗ ಮಾರ್ಚ್ ಅಂದ್ರ ಸುಡು ಬಿಸಲು, ರಿಯೊದಾಗ ಬ್ಯಾಸಿಗಿ ಮುಗಿಸೋ ಮಳಿ.

ನ್ಯೂಜೆರ್ಸಿಯಿಂದ: ಎಲ್ಲರೂ 'ಗೆಟ್ಸ್/ಜಿಲ್ಬೆರ್ಟೊ' ಹೇಳ್ತಾರೆ, ನಾನೂ ಹೇಳ್ತೀನಿ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸ್ಟ್ಯಾನ್ ಗೆಟ್ಸ್, ಜೊವಾವ್ ಸೇರಿ ಮಾಡಿದ ಆಲ್ಬಮ್. ನ್ಯೂಯಾರ್ಕ್‌ನಲ್ಲಿ 1963ರ ಮಾರ್ಚ್‌ನಲ್ಲಿ ರೆಕಾರ್ಡ್ ಆಗಿ 1964ರಲ್ಲಿ ಬಂದದ್ದು. ಅದರಲ್ಲಿ ಇಪನೇಮಾ (ರಿಯೊದ ಕಡಲತೀರ) ಹುಡುಗಿಯ ಹಾಡಿದೆಯಲ್ಲ, ರೇಡಿಯೋಗಾಗಿ ಅದನ್ನು ಚಿಕ್ಕದು ಮಾಡುವಾಗ ಜೊವಾವ್ ಪೋರ್ಚುಗೀಸ್‌ನಲ್ಲಿ ಹಾಡಿದ್ದನ್ನೇ ಕತ್ತರಿಸಿ, ಅವರ ಹೆಂಡತಿ ಆಸ್ಟ್ರೂಡ್ ಇಂಗ್ಲಿಷ್‌ನಲ್ಲಿ ಹಾಡಿದ್ದಷ್ಟನ್ನು ಉಳಿಸಿದರು. ಅದಕ್ಕೇ ಪೂರ್ತಿ ಆಲ್ಬಮ್ಮೇ ಹಾಕಿ. ಆದರೆ ಊಟದ ಮಧ್ಯೆ ಸ್ಯಾಕ್ಸೊಫೋನ್ ಮಾತಿಗೆ ಅಡ್ಡ ಬರುತ್ತೆ. ಆ ಹೊತ್ತಿಗೆ 1967ರ, ಅಮೆರಿಕದ ಗಾಯಕ ಫ್ರಾಂಕ್ ಸಿನಾಟ್ರಾ–ಜೊಬಿಂ ರೆಕಾರ್ಡೇ ವಾಸಿ. ಸಿನಾಟ್ರಾ ಅಷ್ಟು ಮೆತ್ತಗೆ ಹಾಡಬಲ್ಲರು ಅಂತ ನನಗೆ ಗೊತ್ತೇ ಇರಲಿಲ್ಲ. ಅರ್ಧ ಗಂಟೆಯೂ ಇಲ್ಲ, ಅನ್ನ ಸಾರಿಗೆ ಬರೋಷ್ಟರಲ್ಲಿ ಮುಗಿಯುತ್ತೆ.

ಮಂಗಳೂರಿನಿಂದ: ಬೊಲೆರೊ ಕಡೆಗೂ ಸ್ವಲ್ಪ ಬನ್ನಿ ಮಾರಾಯ್ರೆ. ಅಮೆರಿಕದ ಗಾಯಕ ನ್ಯಾಟ್ ಕಿಂಗ್ ಕೋಲ್ 1958ರ 'ಕೋಲ್ ಎಸ್ಪಾನ್ಯೊಲ್' ಹಾಡಿದ್ದು ಸ್ಪ್ಯಾನಿಷ್ ಬಾರದೆ, ಉಚ್ಚಾರ ಬಾಯಿಪಾಠ ಮಾಡಿ. ಕೇಳಿದರೆ ಗೊತ್ತಾಗ್ತದೆ, ಆದರೂ ಚಂದ ಉಂಟು. ಕ್ಯೂಬಾದ ಪಿಯಾನೊ ವಾದಕ ಬೇಬೊ ವಾಲ್ಡೆಸ್, ಸ್ಪೇನಿನ ಫ್ಲಮೆಂಕೊ ಹಾಡುಗಾರ ಎಲ್ ಸಿಗಾಲ ಸೇರಿ ಮಾಡಿದ 'ಲಾಗ್ರಿಮಾಸ್ ನೇಗ್ರಾಸ್' (2003) ನನಗೆ ಜೀವ. ಆದರೆ ಅದು ಅಳಿಸುವ ಜಾತಿ, ವಾರ್ಷಿಕೋತ್ಸವದ ದಿನ ಬೇಡ.

ಬೆಂಗಳೂರಿನಿಂದ, ಹತ್ತು ದಿನದ ಮೇಲೆ: ಎಲ್ಲರಿಗೂ ಥ್ಯಾಂಕ್ಸ್. 'ಅಮೊರೊಜೊ' ಹಾಕಿದೆ. ನಮ್ಮನೆಯವರು ಎರಡು ಹಾಡು ಸುಮ್ಮನೆ ಕೇಳಿ, "ಇಷ್ಟು ಮೆತ್ತಗೆ ಹಾಡ್ತಾನಲ್ರೀ, ಪಕ್ಕದ ರೂಮಲ್ಲಿ ಯಾರಾದ್ರೂ ಮಲಗಿದ್ದಾರಾ?" ಅಂದರು. ಆಮೇಲೆ ಎದ್ದುಹೋಗಿ ಫ್ಯಾನ್ ಆಫ್ ಮಾಡಿ ಬಂದರು, ಸರಿಯಾಗಿ ಕೇಳಿಸಲಿ ಅಂತ.

ಮೈಸೂರಿನಿಂದ: ಅವರ ಅನುಮಾನ ತೀರಾ ತಪ್ಪಲ್ಲ. ಜೊವಾವ್ ಈ ಶೈಲಿ ಪಳಗಿಸಿಕೊಂಡಿದ್ದು 1950ರ ದಶಕದಲ್ಲಿ, ಡಿಯಮಂಟಿನಾ ಅನ್ನೋ ಊರಲ್ಲಿ, ಸೋದರಿಯ ಮನೆ ಬಚ್ಚಲಲ್ಲಿ ಗಿಟಾರ್ ಹಿಡಿದು ಕೂತು.