ಮನೆ ಬಳಗದಲ್ಲಿ ವಿಶ್ವಕಪ್

2022ರ ನವೆಂಬರ್ 19. ಕತಾರ್ ಫುಟ್‌ಬಾಲ್ ವಿಶ್ವಕಪ್ ಶುರುವಾಗುವ ಹಿಂದಿನ ರಾತ್ರಿ, ಮನೆಯವರ ವಾಟ್ಸ್‌ಆ್ಯಪ್ ಬಳಗದಲ್ಲಿ.

ಭಾವ: “ಎಚ್ಚರ! ಕಾನೂನಿನ ಪ್ರಕಾರ ಎಲ್ಲ 64 ಪಂದ್ಯಗಳನ್ನೂ ದೂರದರ್ಶನ ಉಚಿತವಾಗಿ ತೋರಿಸಲೇಬೇಕು. ಕೇಬಲ್‌ನವರು ಮುಚ್ಚಿಟ್ಟಿದ್ದಾರೆ. ಎಲ್ಲರಿಗೂ ಕಳುಹಿಸಿ.”

ಭಾವ: ಕೇಬಲ್‌ಗೆ ಸುರಿಯುವ ದುಡ್ಡು ದಂಡ ಎಂದು ನಾನು ಮೊದಲೇ ಹೇಳಿದ್ದೆ.

ತಂಗಿ: ಆಧಾರ ಕೊಡಿ ಭಾವ. 2007ರ ಕಾಯ್ದೆ ಇರುವುದು ನಿಜ. ಪ್ರಸಾರದ ಹಕ್ಕು ಯಾರೇ ಕೊಂಡಿರಲಿ, ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಅಧಿಸೂಚನೆ ಹೊರಡಿಸಿದ ಪಂದ್ಯಗಳನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. ಸೆಮಿಫೈನಲ್, ಫೈನಲ್‌ನಂಥವು ಆ ಪಟ್ಟಿಯಲ್ಲಿವೆ, 64ಕ್ಕೆ 64 ಇಲ್ಲ. ಈ ಸಲದ ಹಕ್ಕು ವಯಾಕಾಮ್18 ಎಂಬ ಖಾಸಗಿ ಕಂಪನಿಯ ಬಳಿ ಇದೆ.

ಭಾವ: ಕಷಾಯದ ವಿಷಯ ಹಾಕಿದಾಗಲೂ ನೀನು ಹೀಗೆಯೇ ಎಲ್ಲರ ಮುಂದೆ ಪಾಠ ಮಾಡಿದೆ.

ತಂಗಿ: ಅದೂ ಸುಳ್ಳೇ ಆಗಿತ್ತು.

ದೊಡ್ಡಪ್ಪ: ಜಗಳ ಬೇಡ. ಆಟ ಎಲ್ಲರ ಸೊತ್ತು. ಅದಕ್ಕೂ ಬೀಗ ಹಾಕಿ ಕಾಸು ಕೇಳುವ ಕಾಲ ಬಂತು. ನಮ್ಮ ಕಾಲದಲ್ಲಿ ಹೀಗಿರಲಿಲ್ಲ.

ಚಿಕ್ಕಪ್ಪನ ಮಗ: ಬೀಗ ಎಂದಿರಲ್ಲ ದೊಡ್ಡಪ್ಪ, 1986 ನೆನಪಾಯಿತು. ಮಲ್ಲೇಶ್ವರದ ಮನೆ, ಡಯನೋರಾ ಟಿವಿ, ಮರದ ಶಟರ್, ಅದಕ್ಕೊಂದು ಪುಟ್ಟ ಹಿತ್ತಾಳೆ ಬೀಗ. ಇಂಗ್ಲೆಂಡ್ ವಿರುದ್ಧ ಮರಡೋನಾ ಆಡಿದ್ದು ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೊಂದೂವರೆಗೆ. ಮಕ್ಕಳೆಲ್ಲ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕಾದಿದ್ದೆವು. ಒಂಬತ್ತಕ್ಕೇ ಶಟರ್ ಎಳೆದು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ಮಲಗಿದವರು ಯಾರು?

ದೊಡ್ಡಪ್ಪ: ಮರುದಿನ ಸೋಮವಾರ. ನಿಮಗೆ ಶಾಲೆ ಇತ್ತು.

ಚಿಕ್ಕಮ್ಮ: ಶಾಲೆ ನಮ್ಮ ಮಕ್ಕಳಿಗೆ ಮಾತ್ರ ಇತ್ತೇ ದೊಡ್ಡ ಭಾವ? ನಿಮ್ಮ ಮಗ ಎದುರು ಮನೆಯಲ್ಲಿ ಕುಳಿತು ನೋಡಿ ಬಂದಿದ್ದ.

ತಂಗಿ: ವಿಷಯಕ್ಕೆ ಬನ್ನಿ. ಹಾಗೆ ಹಂಚಿಕೊಂಡ ಪಂದ್ಯಗಳೂ ದೂರದರ್ಶನದ ಸ್ವಂತ ಟವರ್‌ಗಳಿಗೆ ಮತ್ತು ಅದರದೇ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್‌ಗೆ ಮಾತ್ರ. ಖಾಸಗಿ ಕೇಬಲ್‌ನಲ್ಲಿ ಹಾಯಿಸುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೇಬಲ್‌ನವರು ಮುಚ್ಚಿಡಲು ಏನಿದೆ?

ಲಂಡನ್ ಅಣ್ಣ: ಇಲ್ಲಿ ಎಲ್ಲ ಪಂದ್ಯಗಳೂ ಬಿಬಿಸಿ, ಐಟಿವಿಯಲ್ಲಿ ಬರುತ್ತವೆ. ಅದನ್ನು ತಪ್ಪಿಸಲು ವಿಶ್ವಕಪ್ ನಡೆಸುವ ಫಿಫಾ ಯುರೋಪಿನ ನ್ಯಾಯಾಲಯದವರೆಗೂ ಹೋಗಿ 2013ರಲ್ಲಿ ಸೋತಿತು.

ಭಾವ: ನೋಡಿದಿರಾ? ನಾನು ಹೇಳಿದ್ದೇ ನಿಜವಾಯಿತು.

ತಂಗಿ: ಅದು ಬ್ರಿಟನ್, ಭಾವ! ಅಲ್ಲಿಯೂ ಟಿವಿ ಪರವಾನಗಿಗೆ ವರ್ಷಕ್ಕೆ 159 ಪೌಂಡ್ ಕಟ್ಟಬೇಕು. ನಮ್ಮ ಕಾಯ್ದೆಯ ಪಟ್ಟಿಯೂ ಅಷ್ಟು ಉದ್ದವಾಗಲಿ ಎಂದು ಕೇಳಿ, ನಾನೂ ಸಹಿ ಹಾಕುತ್ತೇನೆ. ಇಲ್ಲದ್ದನ್ನು ಇದೆ ಎನ್ನಬೇಡಿ.

ದೊಡ್ಡಪ್ಪ: ಅದೆಲ್ಲ ಇರಲಿ. ಲಂಡನ್ನಿನವನೇ, ಅವತ್ತು ಎದುರು ಮನೆಗೆ ಹೋಗಿದ್ದು ಹೌದೇನೋ?

ಲಂಡನ್ ಅಣ್ಣ: ಹೌದು ಅಪ್ಪಾ. ಮರಡೋನಾನ ಎರಡು ಗೋಲೂ ನೋಡಿದೆ.