ರಾತ್ರಿ ಮಗ್ಗುಲಾದ್ರೆ ಸಾಕು ಹಿಪ್ ನೋವಿಗೆ ಎಚ್ಚರ ಆಗುತ್ತೆ, ಯಾರಿಗಾದ್ರೂ ಹೀಗಾಗಿದ್ಯಾ?

ನಿದ್ದೆಗೇಡಿ67

ಎಲ್ರಿಗೂ ನಮಸ್ಕಾರ. ನನಗೀಗ 67. ಹಗಲು ಹೊತ್ತು ಓಡಾಡ್ಕೊಂಡು ಚೆನ್ನಾಗೇ ಇರ್ತೀನಿ, ಮೆಟ್ಲು ಹತ್ತುವಾಗ ಸ್ವಲ್ಪ ಚುರ್ ಅನ್ನುತ್ತೆ ಅನ್ನೋದು ಬಿಟ್ರೆ ಅಂಥಾದ್ದೇನಿಲ್ಲ, ಕಷ್ಟ ಎಲ್ಲಾ ರಾತ್ರಿ ಹಾಸಿಗೆಗೆ ಹೋದ್ಮೇಲೇ. ಬಲಗಡೆ ಮಗ್ಗುಲಾಗಿ ಮಲಗಿದ್ರೆ ಹಿಪ್ಪಿನ ಹೊರಗಡೆ, ಕೈಯಿಟ್ರೆ ಒಂದು ಮೂಳೆ ಉಬ್ಬಿರೋದು ಸಿಗುತ್ತಲ್ಲ, ಸರಿಯಾಗಿ ಅದರ ಮೇಲೇ ನೋವು, ಒಂದೊಂದ್ಸಲ ತೊಡೆಯ ಪಕ್ಕದಲ್ಲಿ ಮಂಡಿ ಹತ್ರದವರೆಗೂ ಇಳಿಯುತ್ತೆ. ಸರಿ ಅಂತ ಎಡಗಡೆ ತಿರುಗಿದ್ರೆ ಸ್ವಲ್ಪ ಹೊತ್ತು ಆರಾಮ, ಆಮೇಲೆ ಮೇಲಿರೋ ಬಲಗಾಲೇ ನೋಯೋಕೆ ಶುರು! ಇದ್ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ, ಭಾರ ಬೀಳದೇ ಇರೋ ಕಡೆ ಯಾಕೆ ನೋಯ್ಬೇಕು? ಅಂಗಾತ ಮಲಗಿ ಅಭ್ಯಾಸ ಇಲ್ಲ, ಮಲಗಿದ್ರೆ ಗೊರಕೆ ಅಂತ ಪಕ್ಕದಲ್ಲಿರೋರು ತಿವೀತಾರೆ.

ಡಾಕ್ಟ್ರಿಗೆ ತೋರಿಸಿದ್ದಾಯ್ತು, ಎಕ್ಸ್‌ರೇ ನೋಡಿ "ವಯಸ್ಸಿಗೆ ತಕ್ಕ ಸವೆತ, ದೊಡ್ಡದೇನಿಲ್ಲ" ಅಂದ್ರು, ನೋವಿನ ಮಾತ್ರೆ ಬರ್ಕೊಟ್ರು. ತಗೊಂಡ ರಾತ್ರಿ ಪರವಾಗಿಲ್ಲ, ಬಿಟ್ರೆ ಮತ್ತೆ ಅದೇ. ಬಿಪಿ ಮಾತ್ರೆ ಬೇರೆ ನುಂಗ್ತೀನಿ. ಮಕ್ಕಳು ಮ್ಯಾಟ್ರೆಸ್ ಬದಲಾಯಿಸು ಅಂತಾರೆ. ಮೊಬೈಲಲ್ಲಿ ವಿಡಿಯೋ ನೋಡಿ ಮಂಡೀನ ಎದೆ ಅಡ್ಡಕ್ಕೆ ಎಳ್ಕೊಂಡು ಸ್ಟ್ರೆಚಿಂಗ್ ಮಾಡ್ತಿದೀನಿ, ಮಾಡುವಾಗ ಹಿತವಾಗಿರುತ್ತೆ ಆದ್ರೆ ಅವತ್ತು ರಾತ್ರಿ ಜಾಸ್ತೀನೇ ಆಗುತ್ತೆ ಅನ್ಸುತ್ತೆ. ನಿದ್ದೆ ಇಲ್ದೆ ಬೆಳಗಾದ್ರೆ ಎಲ್ಲರ ಮೇಲೂ ರೇಗ್ತೀನಿ. ಅನುಭವ ಇರೋರು ದಯವಿಟ್ಟು ಹೇಳಿ.

ಹಳೇಫಿಜಿಯೋ

ಮೇಡಂ, ಮೊದಲು ಆ ಸ್ಟ್ರೆಚಿಂಗ್ ನಿಲ್ಲಿಸಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಹಿಪ್ ನೋವು ಅಂತ ಜನ ಹೇಳೋದು ಮೂರು ಬೇರೆ ಬೇರೆ ಜಾಗಕ್ಕೆ. ತೊಡೆಸಂದಲ್ಲಿ, ಮುಂಭಾಗದಲ್ಲಿ ನೋವು, ಜೊತೆಗೆ ಸಾಕ್ಸ್ ಹಾಕ್ಕೊಳೋಕೆ ಉಗುರು ಕತ್ತರಿಸೋಕೆ ಕಾಲು ಮಡಚೋಕಾಗಲ್ಲ ಅಂದ್ರೆ ಸಾಮಾನ್ಯವಾಗಿ ಕೀಲೇ ಸವೆದಿರುತ್ತೆ. ಹಿಂದೆ ಸೀಟಿನ ಭಾಗದಲ್ಲಿ ಶುರುವಾಗಿ ಮಂಡಿ ದಾಟಿ ಪಾದದವರೆಗೆ ಜೋಮು ಹಿಡಿಯುತ್ತೆ ಅಂದ್ರೆ ಬೆನ್ನುಮೂಳೆಯ ನರ ಇರಬಹುದು. ನೀವು ಹೇಳ್ತಿರೋದು ಮೂರನೇದು, ಹೊರಗಡೆ ಮೂಳೆ ಮೇಲೆ. ಮುಂಚೆ ಇದನ್ನ ಬರ್ಸೈಟಿಸ್, ಅಂದ್ರೆ ಮೂಳೆ ಮೇಲಿರೋ ಸಣ್ಣ ನೀರಿನ ಚೀಲದ ಊತ, ಅಂತಲೇ ಕರೀತಿದ್ರು, ಈಗ ಗ್ರೇಟರ್ ಟ್ರೊಕ್ಯಾಂಟರಿಕ್ ಪೇನ್ ಸಿಂಡ್ರೋಮ್ ಅನ್ನೋ ಉದ್ದದ ಹೆಸರಿದೆ, ಯಾಕಂದ್ರೆ ಬಹಳಷ್ಟು ಜನರಲ್ಲಿ ತೊಂದರೆ ಇರೋದು ಅಲ್ಲಿಗೆ ಅಂಟ್ಕೊಂಡಿರೋ ಗ್ಲೂಟಿಯಸ್ ಅನ್ನೋ ಸೀಟಿನ ಸ್ನಾಯುಗಳನ್ನ ಮೂಳೆಗೆ ಕಟ್ಟೋ ನಾರಲ್ಲಿ, ಅಂದ್ರೆ ಟೆಂಡನ್‌ನಲ್ಲಿ. 40 ದಾಟಿದ ಹೆಂಗಸ್ರಲ್ಲಿ ಜಾಸ್ತಿ. ನಾನು ಕಣ್ಣಾರೆ ನೋಡದೇ ಇದೇ ಅಂತ ಹೇಳೋಕಾಗಲ್ಲ, ಆದ್ರೆ ನೀವು ಬರೆದಿರೋದು ಹಾಗೇ ಇದೆ.

ಈಗ ಮೇಲಿರೋ ಕಾಲು ಯಾಕೆ ನೋಯುತ್ತೆ ಅಂತ. ಎಡಗಡೆ ತಿರುಗಿ ಮಲಗಿದಾಗ ನಿಮ್ಮ ಬಲಮಂಡಿ ಮುಂದಕ್ಕೆ ಜಾರಿ ಹಾಸಿಗೆ ಮೇಲೆ ಬೀಳುತ್ತೆ ಅಲ್ವಾ? ಆಗ ತೊಡೆ ಒಳಗಡೆಗೆ ಅಡ್ಡ ಬರುತ್ತೆ, ಹೊರಗಡೆ ಇರೋ ಟೆಂಡನ್ ಬಿಗಿಯಾಗಿ ಎಳೆದು ಗೂಟಕ್ಕೆ ಸುತ್ತಿದ ಹಗ್ಗದ ಥರ ಆ ಮೂಳೆಗೆ ಒತ್ಕೊಳುತ್ತೆ. ಗಂಟೆಗಟ್ಲೆ ಹಾಗೇ. ಭಾರ ಬಿದ್ರೂ ಒತ್ತಡ, ಎಳೆದ್ರೂ ಒತ್ತಡ. ಮಂಡೀನ ಎದೆ ಅಡ್ಡಕ್ಕೆ ಎಳ್ಕೊಂಡು ಮಾಡೋ ಸ್ಟ್ರೆಚಿಂಗಲ್ಲೂ ನಡೆಯೋದು ಇದೇ. ಹಗಲಲ್ಲಿ ಕಾಲ್ಮೇಲೆ ಕಾಲು ಹಾಕಿ ಕೂರೋದು, ನಿಂತಾಗ ಒಂದೇ ಕಾಲಿಗೆ ಭಾರ ಬಿಟ್ಟು ಸೊಂಟ ಓರೆ ಮಾಡ್ಕೊಂಡು ನಿಲ್ಲೋದು, ತುಂಬಾ ತಗ್ಗಿರೋ ಸೋಫಾದಲ್ಲಿ ಮಂಡಿಗಳನ್ನ ಹತ್ರ ಸೇರಿಸ್ಕೊಂಡು ಕೂರೋದು, ಎಲ್ಲಾ ಅದೇ ಲೆಕ್ಕ. ರಾತ್ರಿ ನೋವಿಗೆ ಕಾರಣ ಎಷ್ಟೋ ಸಲ ಹಗಲಲ್ಲೇ ಇರುತ್ತೆ.

ರಾತ್ರಿಗೆ ದಿಂಬು. ಎಲ್ರೂ ಮಂಡಿ ಮಧ್ಯೆ ಒಂದು ಸಣ್ಣ ದಿಂಬು ಇಟ್ಕೊಂಡು "ಏನೂ ಪ್ರಯೋಜನ ಆಗ್ಲಿಲ್ಲ" ಅಂತಾರೆ. ಮಂಡಿ ಮಾತ್ರ ಎತ್ತಿ ಪಾದ ಕೆಳಗೆ ಜೋತಾಡ್ತಿದ್ರೆ ತೊಡೆ ತಿರುಚ್ಕೊಂಡೇ ಇರುತ್ತೆ. ದಿಂಬು ಉದ್ದಕ್ಕೆ ಇರ್ಬೇಕು, ಮಂಡಿಯಿಂದ ಪಾದದವರೆಗೆ ಇಡೀ ಕಾಲು ಅದರ ಮೇಲೆ ಕೂರ್ಬೇಕು, ಮತ್ತೆ ದಪ್ಪ ಎಷ್ಟಿರ್ಬೇಕು ಅಂದ್ರೆ ಮೇಲಿನ ಮಂಡಿ ಹಿಪ್ಪಿನ ಮಟ್ಟಕ್ಕೇ ಬರ್ಬೇಕು. ಒಂದು ಸಾಲ್ದಿದ್ರೆ ಎರಡು ಇಡಿ.

ದಿಂಬೇಶ್ವರಿ

ಅಕ್ಕಾ ನಂದೂ ಇದೇ ಕಥೆ, ನನ್ನ ಹೆಸರು ನೋಡಿದ್ರೇ ಗೊತ್ತಾಗುತ್ತೆ 😄 ನಮ್ಮನೇಲಿ ನಾನು ದಿಂಬುಗಳ ಮಧ್ಯೆ ಕಳೆದುಹೋಗ್ತೀನಿ ಅಂತ ನಗ್ತಾರೆ, ನಕ್ಕೊಳ್ಲಿ ಬಿಡಿ, ನಿದ್ದೆ ಬರೋದು ನನಗೆ ತಾನೇ.

ಮೇಲೆ ಹೇಳಿದ್ದು ನೂರಕ್ಕೆ ನೂರು ನಿಜ, ಅದಕ್ಕೆ ಇನ್ನೊಂದು ಸೇರಿಸ್ತೀನಿ. ಪೂರ್ತಿ ಮಗ್ಗುಲಾಗಿ ಮಲಗೋ ಬದಲು ಬೆನ್ನ ಹಿಂದೆ ಒಂದು ದಿಂಬು ಒತ್ತರಿಸಿ ಇಟ್ಕೊಂಡು ಅದಕ್ಕೆ ಒರಗಿ, ಅಂಗಾತಕ್ಕೂ ಮಗ್ಗುಲಿಗೂ ನಡುವೆ ಅನ್ನೋ ಹಾಗೆ. ಆಗ ಮೈಭಾರ ಆ ಮೂಳೆ ಮೇಲೆ ನೇರ ಬೀಳಲ್ಲ, ಸ್ವಲ್ಪ ಹಿಂದೆ ಮಾಂಸ ಇರೋ ಕಡೆ ಬೀಳುತ್ತೆ. ಗೊರಕೇನೂ ಅಂಗಾತ ಮಲಗಿದಷ್ಟು ಬರಲ್ಲ. ಅಂಗಾತ ಮಲಗಲೇಬೇಕು ಅಂದ್ರೆ ಮಂಡಿ ಕೆಳಗೆ ದಿಂಬು ಇಟ್ಕೊಳಿ, ಸೊಂಟ ಹಗುರ ಆಗುತ್ತೆ.

ಮ್ಯಾಟ್ರೆಸ್ ವಿಷಯಕ್ಕೆ ದುಡ್ಡು ಸುರಿಯೋ ಮುಂಚೆ ಇರೋ ಹಾಸಿಗೆ ಮೇಲೆ ಒಂದು ದಪ್ಪ ರಜಾಯಿ ಮಡಚಿ ಹಾಕಿ ಕೆಲವು ರಾತ್ರಿ ನೋಡಿ. ಗಟ್ಟಿ ಹಾಸಿಗೆ ಬೆನ್ನಿಗೆ ಒಳ್ಳೇದು ಅಂತ ಹೇಳಿ ಹೇಳಿ ನಮ್ಮನ್ನ ಹಲಗೆ ಮೇಲೆ ಮಲಗ್ಸಿದ್ದಾರೆ, ಮೂಳೆ ಎದ್ದು ಕಾಣೋ ನಮ್ಮಂಥ ಸಣಕಲು ಮೈಯೋರಿಗೆ ಅದು ಶಿಕ್ಷೆ. ಹಾಗಂತ ಹೊಂಡ ಬಿದ್ದಿರೋ ಹಳೇ ಹಾಸಿಗೆನೂ ಬೇಡ, ಅದರಲ್ಲಿ ಮಗ್ಗುಲು ಬದಲಿಸೋದೇ ಒಂದು ಯುದ್ಧ.

ಮಗ್ಗುಲು ಬದಲಿಸೋಕೂ ಒಂದು ರೀತಿ ಇದೆ. ಮೊದ್ಲು ಎರಡೂ ಮಂಡಿ ಮಡಚಿ, ಮಧ್ಯದ ದಿಂಬನ್ನ ಮಂಡಿಗಳಲ್ಲೇ ಅದುಮಿ ಹಿಡ್ಕೊಂಡು, ಭುಜ ಸೊಂಟ ಮಂಡಿ ಎಲ್ಲಾ ಒಟ್ಟಿಗೇ ತಿರುಗ್ಸಿ. ಕಾಲು ಒಂದು ಸಲ ಸೊಂಟ ಒಂದು ಸಲ ಅಂತ ತಿರುಗಿದ್ರೆ ಅದೇ ಚಳುಕು ಹೊಡೆಯೋದು, ಅದಕ್ಕೇ ಎಚ್ಚರ ಆಗೋದು.

ಅಮ್ಮನ್_ಮಗ

ಅಮ್ಮಾ, ಬಿಪಿ ಮಾತ್ರೆ ಅಂದ್ರಲ್ಲ, ಅದಕ್ಕೆ ಬರೀತಿದೀನಿ. ನೋವಿನ ಮಾತ್ರೆ ಯಾವುದು ಅಂತ ಚೀಟಿ ನೋಡ್ಕೊಳಿ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಥರದ್ದಾದ್ರೆ ದಿನಾ ತಗೊಳೋದು ವಯಸ್ಸಾದೋರಿಗೆ ಒಳ್ಳೇದಲ್ಲ, ಬಿಪಿ ಏರಿಸುತ್ತೆ, ಹೊಟ್ಟೇಲಿ ಹುಣ್ಣು ಮಾಡ್ಬಹುದು, ಕೆಲವು ಬಿಪಿ ಮಾತ್ರೆ ಮತ್ತೆ ಮೂತ್ರ ಜಾಸ್ತಿ ಮಾಡೋ ಮಾತ್ರೆ ಜೊತೆ ಸೇರಿದ್ರೆ ಕಿಡ್ನಿಗೆ ಪೆಟ್ಟು. ರಕ್ತ ತೆಳು ಮಾಡೋ ಮಾತ್ರೆ ಇದ್ರಂತೂ ಕೇಳದೇ ಮುಟ್ಲೇಬೇಡಿ. ನಮ್ಮಮ್ಮನಿಗೆ ಎರಡು ಕಡೆ ತೋರಿಸ್ತಿದ್ವಿ, ಒಬ್ರು ಕೊಟ್ಟಿದ್ದು ಇನ್ನೊಬ್ರಿಗೆ ಗೊತ್ತಿರ್ಲಿಲ್ಲ, ಕಾಲು ಊದ್ಕೊಂಡ ಮೇಲೇ ಗೊತ್ತಾಗಿದ್ದು. ಪ್ಯಾರಾಸಿಟಮಾಲ್ ಇದಕ್ಕಿಂತ ಸೌಮ್ಯ, ಆದ್ರೆ ಶೀತ ಜ್ವರದ ಮಾತ್ರೆಗಳಲ್ಲೂ ಅದೇ ಇರುತ್ತೆ, ಲೆಕ್ಕ ತಪ್ಪಿ ಜಾಸ್ತಿ ಆದ್ರೆ ಲಿವರ್‌ಗೆ ಅಪಾಯ.

ನಿದ್ದೆ ಮಾತ್ರೆ ಕೇಳ್ಬೇಡಿ ದಯವಿಟ್ಟು. ಮಂಪರಲ್ಲಿ ರಾತ್ರಿ ಬಾತ್‌ರೂಮಿಗೆ ಎದ್ದು ಬಿದ್ರೆ ಹಿಪ್ ನೋವಿದ್ದಿದ್ದು ಹಿಪ್ ಫ್ರ್ಯಾಕ್ಚರ್ ಆಗುತ್ತೆ. ಹಾಸಿಗೆ ಪಕ್ಕ ಕೈಗೆ ಸಿಗೋ ಹಾಗೆ ಒಂದು ಲೈಟ್ ಇರ್ಲಿ.

ಹೊಸಹಿಪ್

ಎಲ್ರೂ ದಿಂಬು ದಿಂಬು ಅಂತಿದೀರ, ನನ್ನ ಕಥೆ ಬೇರೆ, ಬೇರೆಯೋರಿಗೆ ಉಪಯೋಗ ಆಗ್ಲಿ ಅಂತ ಹೇಳ್ತೀನಿ. ನನ್ನ ನೋವು ತೊಡೆಸಂದಲ್ಲಿತ್ತು, ಮಂಡಿಗೆ ಇಳೀತಿತ್ತು, ಎಷ್ಟರಮಟ್ಟಿಗೆ ಅಂದ್ರೆ ಮೊದ್ಲು ಮಂಡಿಗೇ ಎಕ್ಸ್‌ರೇ ತೆಗೆಸಿದ್ರು, ಮಂಡಿ ಚೆನ್ನಾಗಿದೆ ಅಂತ ಕಳಿಸಿದ್ರು! ಹಿಪ್ ಕೀಲಿನ ನೋವು ಮಂಡೀಲಿ ಕಾಣಿಸ್ಕೊಳುತ್ತೆ ಅಂತ ಆಮೇಲೆ ಇನ್ನೊಬ್ಬ ಆರ್ಥೋ ಹೇಳಿದ್ರು. ಅಂಗಾತ ಮಲಗಿಸಿ ಮಂಡಿ ಮಡಚಿ ಕಾಲನ್ನ ಒಳಗೆ ಹೊರಗೆ ತಿರುಗಿಸಿ ನೋಡಿದ್ರು, ಅಲ್ಲೇ ಕೂಗ್ಕೊಂಡೆ. ಬೆಳಗ್ಗೆ ಎದ್ರೆ ಸ್ವಲ್ಪ ಹೊತ್ತು ಕೀಲು ಹಿಡ್ಕೊಂಡಿರೋದು, ಓಡಾಡಿದ್ರೆ ಬಿಡೋದು, ಜಾಸ್ತಿ ಓಡಾಡಿದ್ರೆ ಮತ್ತೆ ನೋವು. ವ್ಯಾಯಾಮ, ತೂಕ ಇಳಿಸೋದು, ಕೋಲು ಎಲ್ಲಾ ಮಾಡಿದೆ, ಬಹಳ ದಿನ ಸುಧಾರಿಸ್ಕೊಂಡೂ ಹೋದೆ, ಆದ್ರೆ ಹೇಗೆ ಮಲಗಿದ್ರೂ ರಾತ್ರಿ ನೋವು ಬಿಡ್ದೇ ಇದ್ದಾಗ ಕೀಲು ಬದಲಾಯಿಸ್ಕೊಂಡೆ. ನಿದ್ದೆ ಕೆಡೋ ನೋವು ಆಪರೇಷನ್ ತೀರ್ಮಾನದಲ್ಲಿ ದೊಡ್ಡ ಕಾರಣ, ಅದನ್ನ ಡಾಕ್ಟ್ರಿಗೆ ಬಾಯಿಬಿಟ್ಟು ಹೇಳ್ಬೇಕು, "ಸ್ವಲ್ಪ ನೋವು ಸಾರ್" ಅಂತ ಮುಗಿಸಿದ್ರೆ ಅವ್ರಿಗೆ ಹೇಗೆ ಗೊತ್ತಾಗ್ಬೇಕು.

ಆಪರೇಷನ್ ಆದ ಮೊದಮೊದಲು ನಿದ್ದೆ ಇನ್ನೂ ಕೆಟ್ಟಿತ್ತು ಅನ್ನೋದನ್ನೂ ಹೇಳ್ಬಿಡ್ತೀನಿ. ಈಗ ಆರಾಮ. ಹಾಂ, ಕೋಲು ಹಿಡಿಯೋರು ನೋವಿಲ್ಲದ ಕಡೆ ಕೈಲಿ ಹಿಡೀರಿ, ಬಲ ಹಿಪ್ ನೋವಾದ್ರೆ ಎಡಗೈಲಿ. ಎಷ್ಟೋ ಜನ ಉಲ್ಟಾ ಹಿಡ್ಕೊಂಡು ಓಡಾಡ್ತಾರೆ.

ನಿದ್ದೆಗೇಡಿ67

ಇಷ್ಟೊಂದು ಜನ ಬರೆದಿದ್ದೀರ, ತುಂಬಾ ಥ್ಯಾಂಕ್ಸ್. ತೊಡೆಸಂದಲ್ಲಿ ನನಗೇನೂ ಇಲ್ಲ, ಸಾಕ್ಸ್ ಆರಾಮಾಗಿ ಹಾಕ್ಕೊಳ್ತೀನಿ. ಎರಡು ದಿಂಬು ಉದ್ದಕ್ಕೆ ಇಟ್ಟು ಮಲಗಿ ನೋಡಿದೆ, ಎಡಗಡೆ ಮಲಗಿದ್ರೆ ಮೇಲಿನ ಕಾಲು ನೋಯೋದು ನಿಜವಾಗ್ಲೂ ಕಮ್ಮಿ ಆಯ್ತು, ಬಲಗಡೆ ಮಾತ್ರ ಇನ್ನೂ ಮಲಗೋಕಾಗ್ತಿಲ್ಲ. ಮಾತ್ರೆ ಚೀಟಿ ನೋಡಿದ್ರೆ ಡೈಕ್ಲೋಫಿನಾಕೇ, ನಾಳೆ ಫೋನ್ ಮಾಡಿ ಕೇಳ್ತೀನಿ. ಪರಿಚಯದೋರೊಬ್ರು ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸ್ಕೋ ಒಂದೇ ಏಟಿಗೆ ಹೋಗುತ್ತೆ ಅಂದ್ರು. ಹಳೇಫಿಜಿಯೋ ಅವ್ರೇ ಏನಂತೀರ? ವಾಕಿಂಗ್ ಬಿಡ್ಬೇಕಾ?

ಹಳೇಫಿಜಿಯೋ

ಇಂಜೆಕ್ಷನ್ ಕೆಲಸ ಮಾಡುತ್ತೆ, ಇಲ್ಲ ಅನ್ನಲ್ಲ, ಆದ್ರೆ ಒಂದೇ ಏಟಿಗೆ ಅನ್ನೋದು ಜಾಸ್ತಿ ಆಯ್ತು. ಇದನ್ನೇ ನೋಡೋಕೆ ಆಸ್ಟ್ರೇಲಿಯಾದಲ್ಲಿ 204 ಜನರನ್ನ ಮೂರು ಗುಂಪು ಮಾಡಿದ್ರು, 2018ರಲ್ಲಿ ಬಿಎಂಜೆ ಅನ್ನೋ ಬ್ರಿಟನ್ನಿನ ವೈದ್ಯಕೀಯ ಪತ್ರಿಕೇಲಿ ಬಂತು. ಒಂದು ಗುಂಪಿಗೆ ಹೇಗೆ ಕೂರ್ಬೇಕು ನಿಲ್ಬೇಕು ಮಲಗ್ಬೇಕು ಅನ್ನೋ ತಿಳುವಳಿಕೆ ಜೊತೆ ವ್ಯಾಯಾಮ, ಒಂದಕ್ಕೆ ಒಂದು ಇಂಜೆಕ್ಷನ್, ಇನ್ನೊಂದಕ್ಕೆ ಕಾದು ನೋಡಿ ಅಂತ. 8 ವಾರಕ್ಕೆ ಚೆನ್ನಾಗಿ ಸುಧಾರಿಸಿದೆ ಅಂದೋರು ವ್ಯಾಯಾಮದ ಗುಂಪಲ್ಲಿ ನೂರಕ್ಕೆ 77 ಜನ, ಇಂಜೆಕ್ಷನ್ನಲ್ಲಿ 58, ಸುಮ್ನೆ ಕಾದವರಲ್ಲಿ 29. ವರ್ಷ ಆದ್ಮೇಲೂ ವ್ಯಾಯಾಮದೋರೇ ಮುಂದೆ, ಆದ್ರೆ ನೋವಿನ ತೀವ್ರತೆ ಒಂದನ್ನೇ ನೋಡಿದ್ರೆ ವರ್ಷದ ಕೊನೇಲಿ ಇಂಜೆಕ್ಷನ್ ಗುಂಪಿಗೂ ಇವ್ರಿಗೂ ದೊಡ್ಡ ವ್ಯತ್ಯಾಸ ಉಳಿದಿರ್ಲಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಮೊದ್ಲು ವ್ಯಾಯಾಮ, ನೋವಿಗೆ ವ್ಯಾಯಾಮ ಮಾಡೋಕೇ ಆಗ್ತಿಲ್ಲ ಅಂದ್ರೆ ಇಂಜೆಕ್ಷನ್ ಬಗ್ಗೆ ಯೋಚ್ನೆ ಮಾಡಿ. ಶುಗರ್ ಇರೋರಿಗೆ ಇಂಜೆಕ್ಷನ್ ಆದ್ಮೇಲೆ ಕೆಲವು ದಿನ ಶುಗರ್ ಏರುತ್ತೆ, ಅದನ್ನ ಮೊದ್ಲೇ ಹೇಳ್ಬೇಕು.

ವ್ಯಾಯಾಮ ಅಂದ್ರೆ ಎಳೆಯೋದಲ್ಲ, ಗಟ್ಟಿ ಮಾಡೋದು. ಅಂಗಾತ ಮಲಗಿ ಮಂಡಿ ಮಡಚಿ, ಮಂಡಿಗಿಂತ ಸ್ವಲ್ಪ ಮೇಲೆ ತೊಡೆಗಳಿಗೆ ಒಂದು ಬೆಲ್ಟ್ ಸುತ್ತಿ, ಮಂಡಿಗಳನ್ನ ಹೊರಗಡೆ ಮೆಲ್ಲಗೆ ಒತ್ತಿ ಹಿಡೀರಿ, ಉಸಿರು ಕಟ್ಬೇಡಿ, ಬಿಡಿ. ಅದು ಸಲೀಸಾದ್ಮೇಲೆ ಹಾಗೇ ಮಲಗಿ ಸೊಂಟ ಮೇಲೆತ್ತೋದು, ಆಮೇಲೆ ಕುರ್ಚಿಯಿಂದ ಕೈ ಊರದೇ ಎದ್ದು ಕೂರೋದು, ಆಮೇಲೆ ಗೋಡೆ ಹಿಡ್ಕೊಂಡು ಪಕ್ಕಕ್ಕೆ ಹೆಜ್ಜೆ ಹಾಕೋದು. ಮಾಡುವಾಗ ಸ್ವಲ್ಪ ನೋವಾದ್ರೆ ಹೆದರ್ಬೇಡಿ, ಅವತ್ತಿನ ರಾತ್ರಿ ಮಾಮೂಲಿಗಿಂತ ಜಾಸ್ತಿ ನೋವಾಯ್ತಾ ಅನ್ನೋದೇ ಅಳತೆ, ಆಯ್ತು ಅಂದ್ರೆ ಮಾರನೇ ದಿನ ಕಮ್ಮಿ ಮಾಡಿ. ಟೆಂಡನ್ ನಿಧಾನದ ಪ್ರಾಣಿ, ಎರಡು ಮೂರು ತಿಂಗಳು ಕೊಡ್ಬೇಕು. ಒಂದ್ಸಲ ಯಾರಾದ್ರೂ ಫಿಜಿಯೋ ಹತ್ರ ಎದುರಿಗೇ ಮಾಡಿ ತೋರಿಸ್ಕೊಂಡು ಬನ್ನಿ, ವಿಡಿಯೋ ನಿಮ್ಮನ್ನ ತಿದ್ದಲ್ಲ.

ಕಾದು ಕೂರ್ಬಾರ್ದು ಅನ್ನೋದೂ ಕೆಲವಿದೆ. ಬಿದ್ದ ಮೇಲೆ ಕಾಲೂರೋಕಾಗ್ತಿಲ್ಲ ಅಂದ್ರೆ ಅವತ್ತೇ ಆಸ್ಪತ್ರೆ, ಸಣ್ಣಗೆ ಜಾರಿ ಕೂತಿದ್ದೇ ಸಾಕು ಈ ವಯಸ್ಸಿಗೆ ಮೂಳೆ ಬಿರುಕು ಬಿಡೋಕೆ. ಜ್ವರ ಇದ್ದು ಕೀಲು ಅಲ್ಲಾಡಿಸೋಕೇ ಆಗದಷ್ಟು ನೋವು ಇದ್ರೂ ಅವತ್ತೇ. ಹೇಗೆ ಮಲಗಿದ್ರೂ ಕೂತ್ರೂ ಒಂದೇ ಸಮ ನೋವು, ತೂಕ ಕಾರಣ ಇಲ್ದೆ ಇಳೀತಿದೆ, ಮುಂಚೆ ಕ್ಯಾನ್ಸರ್ ಆಗಿತ್ತು, ಇಂಥವ್ರು ಬೇಗ ತೋರಿಸ್ಬೇಕು. ಮೂಳೆ ಟೊಳ್ಳಾಗೋದಕ್ಕೆ (ಆಸ್ಟಿಯೋಪೊರೋಸಿಸ್) ಅಲೆಂಡ್ರೋನೇಟ್ ಥರದ ಮಾತ್ರೆ ವರ್ಷಗಟ್ಲೆ ತಗೊಂಡೋರಿಗೆ ತೊಡೇಲಿ ಹೊಸದಾಗಿ ಮಂದ ನೋವು ಶುರುವಾದ್ರೆ ಅದನ್ನೂ ಹೇಳ್ಬೇಕು, ಅಪರೂಪಕ್ಕೆ ತೊಡೆಮೂಳೇಲಿ ಬಿರುಕು ಇರುತ್ತೆ.

ವಾಕಿಂಗ್ ಬಿಡ್ಬೇಡಿ. ದೂರ ಕಮ್ಮಿ ಮಾಡಿ, ಒಂದೇ ಸಲ ಹೋಗೋದನ್ನ ಎರಡು ಸಲ ಮಾಡಿ, ಏರು ಇಳಿಜಾರು ಸದ್ಯಕ್ಕೆ ಬೇಡ, ಮೆಟ್ಲಲ್ಲಿ ಕಟಕಟೆ ಹಿಡ್ಕೊಂಡು ಹತ್ತಿ. ಬಲಗಡೆ ಮಲಗೋದನ್ನ ಸದ್ಯಕ್ಕೆ ಮರೆತುಬಿಡಿ, ಬಲವಂತ ಮಾಡಿ ಅಭ್ಯಾಸ ಮಾಡ್ಕೊಳ್ಬೇಕಾಗಿಲ್ಲ, ಆ ಮೂಳೆ ಒತ್ತಿದ್ರೆ ನೋಯೋದು ಕಮ್ಮಿ ಆದ್ಮೇಲೆ ನೀವೇ ಒಂದಿನ ಗೊತ್ತಿಲ್ಲದೇ ಆ ಕಡೆ ತಿರುಗಿರ್ತೀರ.

ದಿಂಬೇಶ್ವರಿ

ಅಕ್ಕಾ ಒಂದು ಹೇಳೋಕೆ ಮರ್ತೆ, ದಿಂಬಿಗೆ ನುಣುಪು ಕವರ್ ಹಾಕ್ಬೇಡಿ, ಮಧ್ಯರಾತ್ರಿ ಜಾರಿ ಮಂಚದ ಕೆಳಗೆ ಹೋಗಿರುತ್ತೆ. ಕಾಟನ್ನೇ ಹಾಕಿ.