ಹಾಯಿದೋಣಿ ಮೊದಲೋ, ಎಂಜಿನ್ ಬೋಟು ಮೊದಲೋ: ಕ್ಯಾಪ್ಟನ್ ಅವರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಸರಕು ಹಡಗುಗಳಲ್ಲಿ ದುಡಿದು ನಿವೃತ್ತರಾಗಿರುವ ನಮ್ಮ ಗುಂಪಿನ ಕ್ಯಾಪ್ಟನ್ ಅವರು, ನೀರಿನ ಮೇಲೆ ಯಾರು ಯಾರಿಗೆ ದಾರಿ ಬಿಡಬೇಕೆಂಬ ಪ್ರಶ್ನೆಗಳಿಗೆ ಇಂದು ಉತ್ತರಿಸುತ್ತಾರೆ.

ಬೆಂಗಳೂರಿನ ಸದಸ್ಯ: ಸರ್, ಎಂಜಿನ್ ಬೋಟು ಯಾವಾಗಲೂ ಹಾಯಿದೋಣಿಗೆ ದಾರಿ ಬಿಡಲೇಬೇಕಲ್ಲವೇ?

ಕ್ಯಾಪ್ಟನ್: ‘ಯಾವಾಗಲೂ’ ಎಂಬುದನ್ನು ಅಳಿಸಿಬಿಡಿ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿ 18ನೆಯದು ಹಾಗೆ ಹೇಳುತ್ತದೆ, ನಿಜ. ಆದರೆ ಹಿಂದಿನಿಂದ ಬಂದು ದಾಟುವವರು ಹಾಯಿದೋಣಿಯವರೇ ಆಗಿದ್ದರೂ ಅವರೇ ಸರಿದು ಹೋಗಬೇಕು. ಮೀನಿಗಾಗಿ ಬಲೆ ಎಳೆಯುತ್ತಿರುವ ಬೋಟಿಗೆ ಹಾಯಿದೋಣಿಯೇ ದಾರಿ ಬಿಡಬೇಕು. ಕಿರಿದಾದ ಹಡಗುಕಾಲುವೆಯ ಆಳವನ್ನು ಬಿಟ್ಟು ಆಚೆ ಹೋಗಲಾರದ ಹಡಗಿಗೆ ಅಡ್ಡ ಬರುವಂತಿಲ್ಲ.

ಉಡುಪಿಯ ಸದಸ್ಯ: ಕಳೆದ ತಿಂಗಳು ಸಂಜೆ ಏಳು ಮೀಟರಿನ ದೋಣಿಯಲ್ಲಿ ಮಗಳೊಂದಿಗೆ ದಡವನ್ನು ಎಡಕ್ಕಿಟ್ಟುಕೊಂಡು ದಕ್ಷಿಣಕ್ಕೆ ಬರುತ್ತಿದ್ದೆ. ಗಾಳಿ ಬಿದ್ದುಹೋಗಿದ್ದರಿಂದ ಹಾಯಿಯನ್ನು ಇಳಿಸದೆಯೇ ಎಂಜಿನ್ ಚಾಲೂ ಮಾಡಿದ್ದೆ. ಬಂದರಿಗೆ ಮರಳುತ್ತಿದ್ದ, ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟೊಂದು ಬಲಗಡೆ ಮುಳುಗುವ ಸೂರ್ಯನ ದಿಕ್ಕಿನಿಂದ ಬಂತು. ಹಾಯಿಗೆ ದಾರಿ ಬಿಡುತ್ತಾರೆಂದು ಹಾಗೇ ಸಾಗಿದೆ. ತೀರಾ ಸಮೀಪಕ್ಕೆ ಬಂದಾಗ ನಾನೂ ಎಡಕ್ಕೆ ತಿರುಗಿಸಿದೆ, ಅವರೂ ಎಡಕ್ಕೇ ತಿರುಗಿಸಿದರು. ಡಿಕ್ಕಿಯೇನೋ ತಪ್ಪಿತು, ಆದರೆ ಹಾಯಿಯ ಬುಡದ ಅಡ್ಡಗಳುವಾದ ಬೂಮ್ ಹೊಯ್ದಾಡಿ ಮಗಳ ಭುಜಕ್ಕೆ ಬಡಿಯಿತು. ತಪ್ಪು ಯಾರದು?

ಕ್ಯಾಪ್ಟನ್: ಇದನ್ನು ಎರಡು ಸಲ ಓದಿದೆ. ಎಂಜಿನ್ನಿನ ಬಲದಿಂದ ಸಾಗತೊಡಗಿದ ಕ್ಷಣದಿಂದ, ಹಾಯಿ ಎಷ್ಟೇ ಎತ್ತರಕ್ಕೆ ನಿಂತಿದ್ದರೂ, ನಿಯಮದ ಲೆಕ್ಕದಲ್ಲಿ ನಿಮ್ಮದು ಎಂಜಿನ್ ಬೋಟು. ಎರಡು ಎಂಜಿನ್ ಬೋಟುಗಳ ದಾರಿ ಅಡ್ಡಹಾಯುವಾಗ ಯಾರ ಬಲಬದಿಯಲ್ಲಿ ಇನ್ನೊಬ್ಬರಿದ್ದಾರೋ ಅವರು ದಾರಿ ಬಿಡಬೇಕೆಂದು 15ನೆಯ ನಿಯಮ ಹೇಳುತ್ತದೆ. ಅಂದರೆ ದಾರಿ ಬಿಡಬೇಕಾಗಿದ್ದವರು ನೀವು, ಅದೂ ಬಹಳ ಮುಂಚೆ, ಆ ಬೋಟಿನವರ ಕಣ್ಣಿಗೆ ಸ್ಪಷ್ಟವಾಗಿ ಕಾಣುವಷ್ಟು ಬಲಕ್ಕೆ ತಿರುಗಿ, ಅವರ ಹಿಂದಿನಿಂದ ಹೋಗಬೇಕಿತ್ತು.

ಆದರೆ ನನ್ನನ್ನು ಕಾಡುತ್ತಿರುವುದು ಬೇರೆ. ಆ ಬೋಟು ನಡೆಸುತ್ತಿದ್ದ ತಾಂಡೇಲರಿಗೆ ಕಂಡದ್ದು ಹಾಯಿ ಮಾತ್ರ, ನಿಮ್ಮ ಎಂಜಿನ್ನಿನ ಸದ್ದು ಅವರಿಗೆ ಕೇಳಿಸುವಂತಿರಲಿಲ್ಲ. ತಾವೇ ಸರಿಯಬೇಕೆಂದು ಅವರು ತಿಳಿದಿದ್ದರೆ ಅದು ಅವರ ತಪ್ಪಲ್ಲ. ಈ ಗೊಂದಲ ಆಗಬಾರದೆಂದೇ, ಹಾಯಿ ಮತ್ತು ಎಂಜಿನ್ ಎರಡನ್ನೂ ಬಳಸುವ ದೋಣಿ ಹಗಲಿನಲ್ಲಿ ಮುಂಭಾಗದಲ್ಲಿ ಕಪ್ಪು ಶಂಕುವೊಂದನ್ನು ತುದಿ ಕೆಳಗಾಗಿ ತೂಗುಹಾಕಬೇಕೆಂಬ ನಿಯಮವಿದೆ. ನಮ್ಮ ಕರಾವಳಿಯಲ್ಲಿ ಅದನ್ನು ತೂಗುಹಾಕಿದವರನ್ನು ನಾನು ಕಂಡದ್ದು ಬಹಳ ಕಡಿಮೆ.

ಇನ್ನೊಂದು ಮಾತು. ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದರೆ ಅಂದಾಜನ್ನು ನಂಬಬೇಡಿ. ನಿಮ್ಮ ದಿಕ್ಕನ್ನು ಬದಲಿಸದೆ, ಕೂತ ಜಾಗದಿಂದ ಅಲುಗಾಡದೆ, ಹಾಯಿ ಕಟ್ಟುವ ಕೂವೆಮರದ ಪಕ್ಕದ ತಂತಿಯ ನೇರಕ್ಕೆ ಆ ಬೋಟನ್ನು ನೋಡಿ. ಅದು ತಂತಿಯನ್ನು ಬಿಟ್ಟು ಕದಲದೆ ದೊಡ್ಡದಾಗುತ್ತಲೇ ಇದ್ದರೆ ಡಿಕ್ಕಿ ಖಚಿತವೆಂದು ತಿಳಿಯಿರಿ. ದಿಕ್ಸೂಚಿಯಿದ್ದರೆ ಅದರಿಂದ ಅಳೆಯುವುದು ಇನ್ನೂ ಒಳ್ಳೆಯದು. ಎಂಜಿನ್ ನಿಲ್ಲಿಸಿ ಶುದ್ಧ ಹಾಯಿಯಲ್ಲೇ ಬಂದಿದ್ದರೂ, ಎದುರಿನವರು ಸರಿಯುತ್ತಿಲ್ಲವೆಂದು ಕಂಡ ಮೇಲೆ ಸುಮ್ಮನಿರುವ ಹಕ್ಕು ನಿಮಗಿಲ್ಲ. ಅವರೊಬ್ಬರಿಂದಲೇ ಡಿಕ್ಕಿ ತಪ್ಪದು ಎನ್ನುವಷ್ಟು ಹತ್ತಿರವಾದಾಗ ನೀವೂ ತಪ್ಪಿಸಲೇಬೇಕು. ಅಂದು ಲೈಫ್ ಜಾಕೆಟ್ ಧರಿಸಿದ್ದಿರೇ? ಬರೆದಿಲ್ಲ.

ಕುಂದಾಪುರದ ಸದಸ್ಯ: ನನಗೆ ಬಂದ ಸಂದೇಶ: ‘ಮೂರು ಬಾರಿ ಚಿಕ್ಕದಾಗಿ ಹಾರ್ನ್ ಹೊಡೆದರೆ ಸುತ್ತಲಿನ ಬೋಟುಗಳೆಲ್ಲ ದಾರಿ ಬಿಡುತ್ತವೆ. ಎಲ್ಲ ಗುಂಪುಗಳಿಗೂ ಕಳುಹಿಸಿ.’

ಕ್ಯಾಪ್ಟನ್: ದಯವಿಟ್ಟು ಕಳುಹಿಸಬೇಡಿ. ಮೂರು ಚಿಕ್ಕ ಸದ್ದಿಗೆ ‘ನನ್ನ ಎಂಜಿನ್ ಹಿಮ್ಮುಖವಾಗಿ ಓಡುತ್ತಿದೆ’ ಎಂದರ್ಥ. ಮುಂದಕ್ಕೆ ನುಗ್ಗುತ್ತಾ ಇದನ್ನು ಊದಿದರೆ ಎದುರಿನವರು ನೀವು ನಿಲ್ಲುತ್ತೀರೆಂದು ನಂಬಿ ಬರುತ್ತಾರೆ. ಎದುರಿನವರ ಉದ್ದೇಶ ತಿಳಿಯದಿದ್ದಾಗ ಊದಬೇಕಾದದ್ದು ಕನಿಷ್ಠ ಐದು ಚಿಕ್ಕ, ಬೇಗಬೇಗನೆಯ ಸದ್ದು.

ಮೈಸೂರಿನ ಸದಸ್ಯ: ಕೆಆರ್‌ಎಸ್ ಹಿನ್ನೀರಿಗೂ ಇದೇ ನಿಯಮವೇ?

ಕಾರವಾರದ ಸದಸ್ಯ: ಗಾಳಿ ಕಡಿಮೆಯಾದಾಗ ಸ್ವಲ್ಪವೇ ಎಂಜಿನ್ ಕೊಟ್ಟರೆ ಹಾಯಿದೋಣಿಯೇ ತಾನೆ?

ಕ್ಯಾಪ್ಟನ್: ಅಲ್ಲ. ಮೇಲೆ ಬರೆದಿದ್ದೇನೆ.

ಕಾರವಾರದ ಸದಸ್ಯ: ಬ್ಯಾಟರಿಗಾಗಿ ನ್ಯೂಟ್ರಲ್‌ನಲ್ಲಿ ಓಡುತ್ತಿದ್ದರೆ?

ಕ್ಯಾಪ್ಟನ್: ದೋಣಿಯನ್ನು ತಳ್ಳದಿದ್ದರೆ ಹಾಯಿದೋಣಿಯೇ.

ಮಲ್ಪೆಯ ಬೋಟ್ ಮಾಲೀಕರು: ರಾತ್ರಿಯಿಡೀ ನಿದ್ದೆಗೆಟ್ಟು ಬರುವ ನಮ್ಮ ತಾಂಡೇಲರು ವಾರಾಂತ್ಯದ ಶೋಕಿಯವರ ಶಂಕು ಹುಡುಕುತ್ತಾ ಕೂರಬೇಕೇ? ಮೀನುಗಾರಿಕೆ ಬೋಟಿಗೆ ದಾರಿ ಬಿಡಬೇಕೆಂದು ಕ್ಯಾಪ್ಟನ್ ಅವರೇ ಹೇಳಿದ್ದಾರೆ.

ಬೆಂಗಳೂರಿನ ಸದಸ್ಯ: ಬಲೆ ಎಳೆಯುತ್ತಿರುವಾಗ ಎಂದಿದ್ದಾರೆ. ಬಲೆಯನ್ನು ಸುತ್ತಿಟ್ಟು ಮೀನು ತುಂಬಿಕೊಂಡು ಓಡುವಾಗ ನೀವೂ ಎಂಜಿನ್ ಬೋಟಿನವರೇ. ಓದಲು ಬರುತ್ತದೆ ತಾನೆ?

ಮಲ್ಪೆಯ ಬೋಟ್ ಮಾಲೀಕರು: ಓದು ನಮಗೂ ಬರುತ್ತದೆ. ಅಳಿವೆ ಬಾಗಿಲಿನಲ್ಲಿ ಅಲೆ ಎದ್ದಾಗ ಒಮ್ಮೆ ಬಂದು ಓದಿ ತೋರಿಸಿ.

ಕ್ಯಾಪ್ಟನ್: ಬಲೆಯ ವಿಷಯದಲ್ಲಿ ಬೆಂಗಳೂರಿನವರು ಹೇಳಿದ್ದು ಸರಿ, ಹೇಳಿದ ರೀತಿ ಸರಿಯಲ್ಲ. ಮಾಲೀಕರೇ, ಟ್ರಾಲ್ ಬಲೆ ಎಳೆಯುವಾಗ ರಾತ್ರಿ ಬಿಳಿಯ ಮೇಲೆ ಹಸಿರು ದೀಪ, ಬೇರೆ ಬಲೆಯಾದರೆ ಬಿಳಿಯ ಮೇಲೆ ಕೆಂಪು. ಬಂದರಿಗೆ ಮರಳುವಾಗಲೂ ಅವನ್ನು ಉರಿಸಿಕೊಂಡೇ ಬಂದರೆ ನೀವು ಕೆಲಸದಲ್ಲಿದ್ದೀರೋ ಇಲ್ಲವೋ ಎಂದು ಯಾರಿಗೂ ತಿಳಿಯದು.

ಮಲ್ಪೆಯ ಬೋಟ್ ಮಾಲೀಕರು: ದೀಪದ ಪಾಠವನ್ನು ಮೊದಲು ಶೋಕಿಯವರಿಗೆ ಹೇಳಿ.

ಬೆಂಗಳೂರಿನ ಸದಸ್ಯ: ಪಾಠ ಬೇಕಾದದ್ದು ಯಾರಿಗೆಂದು ಎಲ್ಲರಿಗೂ ಕಾಣುತ್ತಿದೆ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಮುಂದಿನದನ್ನು ಅಳಿಸಲಾಗುವುದು.

ಮೈಸೂರಿನ ಸದಸ್ಯ: ಹಿನ್ನೀರಿನ ಬಗ್ಗೆ ಕೇಳಿದ್ದೆ.

ಕುಂದಾಪುರದ ಸದಸ್ಯ: ಹಾರ್ನ್ ಸಂದೇಶವನ್ನು ಆಗಲೇ ನಾಲ್ಕು ಗುಂಪುಗಳಿಗೆ ಕಳುಹಿಸಿದ್ದೇನೆ, ಈಗೇನು ಮಾಡಲಿ?

ಕ್ಯಾಪ್ಟನ್: ನಾಲ್ಕು ಗುಂಪುಗಳಿಗೂ ಅದು ತಪ್ಪೆಂದು ಬರೆಯಿರಿ. ಉಡುಪಿಯವರೇ, ಲೈಫ್ ಜಾಕೆಟ್?

ಉಡುಪಿಯ ಸದಸ್ಯ: ಮಗಳು ಧರಿಸಿದ್ದಳು, ಸರ್.

ಕ್ಯಾಪ್ಟನ್: ನಾನು ಕೇಳಿದ್ದು ನಿಮ್ಮನ್ನು.